ಆಡು ಮುಟ್ಟದ ಬೇಲಿ: ಆಡುಸೋಗೆಯ ಹೆಸರು, ಕಹಿ ಮತ್ತು ಸವರುವಿಕೆ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಗೆ ಅಪವಾದವೊಂದು ಹಳ್ಳಿಯ ಬೇಲಿಯಲ್ಲೇ ನಿಂತಿದೆ. ನಿತ್ಯಹಸಿರಿನ ಆಡುಸೋಗೆಗೆ ಮುಳ್ಳೂ ಇಲ್ಲ, ಸುಡುವ ಹಾಲೂ ಇಲ್ಲ. ಆದರೂ ಅದು ಬೇಲಿಗಿಡವಾಗಿ ಬಾಳುತ್ತದೆ. ಎಲೆಯ ಕಹಿ ಮತ್ತು ಸವರಿದಷ್ಟೂ ಕವಲೊಡೆಯುವ ಗೆಣ್ಣು, ಇವೆರಡೇ ಅದರ ಕಾವಲು ಎಂಬುದು ಈ ಲೇಖನದ ವಾದ.

ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಗಿಡವನ್ನು ‘ಜಸ್ಟೀಸಿಯ ಅಧತೋಡ’ ಎಂದು ಕರೆದ. ಕುಲನಾಮ ಸ್ಕಾಟ್ಲೆಂಡಿನ ತೋಟಗಾರಿಕಾ ತಜ್ಞ ಜೇಮ್ಸ್ ಜಸ್ಟಿಸ್‌ನ ನೆನಪಿನದು. ಜಾತಿನಾಮ ದ್ರಾವಿಡ ಮೂಲದ್ದು. ತಮಿಳಿನ ‘ಆಡಾತೋಡೈ’ಯನ್ನು ಆಡು ತೊಡದ, ಅಂದರೆ ಮುಟ್ಟದ, ಗಿಡವೆಂದು ಬಿಡಿಸುತ್ತಾರೆ. ಕನ್ನಡದ ‘ಆಡುಮುಟ್ಟದ ಗಿಡ’ ಹೇಳುವುದೂ ಅದನ್ನೇ. ‘ಆಡುಸೋಗೆ’ಯ ನಿಷ್ಪತ್ತಿ ಮಾತ್ರ ಅಷ್ಟು ಸರಳವಲ್ಲ. ಸಂಸ್ಕೃತದ ಅಟರೂಷ, ಹಿಂದಿಯ ಅಡೂಸಾ, ಮರಾಠಿಯ ಅಡುಳಸಾಗಳ ಪಕ್ಕದಲ್ಲಿಟ್ಟು ನೋಡಿದರೆ, ಎರವಲು ಪದದಲ್ಲಿ ಕನ್ನಡದ ಕಿವಿ ಆಡನ್ನು ಕೇಳಿಸಿಕೊಂಡಿರಬಹುದೇ ಎಂಬ ಅನುಮಾನ ಏಳುತ್ತದೆ. ಹಾಗಾಗಿದ್ದರೂ ಕಿವಿ ಕೇಳಿಸಿಕೊಂಡದ್ದು ಸುಳ್ಳಲ್ಲ. ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಕ್ಷಾರಾಭ ಕಹಿಯಾದುದು. ಮೇಯಲು ಬೇರೇನಾದರೂ ಇದ್ದರೆ ಜಾನುವಾರು ಈ ಸೊಪ್ಪಿಗೆ ಬಾಯಿ ಹಾಕುವುದಿಲ್ಲ. ಇದೇ ವ್ಯಾಸಿಸಿನ್‌ನ ಜಾಡು ಹಿಡಿದು ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಔಷಧ ರೂಪುಗೊಂಡಿತು.

ಕಹಿ ಬಾಯಿಯನ್ನು ತಡೆಯುತ್ತದೆ, ಕಾಲನ್ನಲ್ಲ. ಮುಳ್ಳಿಲ್ಲದ ಬೇಲಿಯಲ್ಲಿ ಸಂದು ಬಿಟ್ಟರೆ ಆಡು ನುಸುಳುತ್ತದೆ. ಆದ್ದರಿಂದ ಸಾಕಣೆಯ ಗುರಿ ಬುಡದ ದಟ್ಟಣೆ. ಮುಂಗಾರಿನ ಆರಂಭದಲ್ಲಿ ಅರೆಬಲಿತ ಕಾಂಡದಿಂದ 15–20 ಸೆಂ.ಮೀ. ಉದ್ದದ, ಮೂರು ನಾಲ್ಕು ಗೆಣ್ಣುಗಳ ಕಡ್ಡಿ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗಿರುವಂತೆ, ಸುಮಾರು 30 ಸೆಂ.ಮೀ. ಅಂತರದಲ್ಲಿ ಎರಡು ಸಾಲಾಗಿ ನೆಡಬಹುದು. ಒಂದು ಸಾಲಿನ ಸಂದಿಗೆ ಇನ್ನೊಂದರ ಗಿಡ ಎದುರಾಗಬೇಕು. ನೀರು ನಿಲ್ಲುವ ಜಾಗ ಆಗದು.

ಗಿಡ ಮೊಣಕಾಲೆತ್ತರ ಬಂದೊಡನೆ ಕುಡಿ ಚಿವುಟಬೇಕು. ಆಡುಸೋಗೆಯ ಎಲೆಗಳು ಎದುರುಬದುರಾಗಿ ಜೋಡಿಯಾಗಿ ಹುಟ್ಟುತ್ತವೆ. ಪ್ರತಿ ಎಲೆಯ ಕಂಕುಳಲ್ಲೂ ಒಂದು ಮೊಗ್ಗು. ಕುಡಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಈ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ. ಕುಡಿ ಹೋದರೆ ಜೋಡಿ ಮೊಗ್ಗು ಚಿಗುರಿ ಒಂದು ಕೊಂಬೆ ಎರಡಾಗುತ್ತದೆ. ಬೇಲಿಯ ತಲೆ ಕಿರಿದಾಗಿ ಬುಡ ಅಗಲವಾಗಿರುವಂತೆ ಸವರಿದರೆ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ. ತಲೆ ಹರಡಲು ಬಿಟ್ಟರೆ ನೆರಳಿಗೆ ಬುಡ ಬೋಳಾಗುತ್ತದೆ. ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ ಅರಳುವ, ನೇರಳೆ ಗೆರೆಯ ಬಿಳಿ ಹೂ ಬೇಕೆನ್ನುವವರು ಮಳೆಗಾಲ ಮುಗಿದ ಮೇಲೆ ಕತ್ತರಿ ಆಡಿಸಬಾರದು.

ಸವರಿದ ಸೊಪ್ಪು ಕಸವಲ್ಲ. ಭತ್ತದ ಗದ್ದೆಗೆ ಅದನ್ನು ಹಸಿರೆಲೆ ಗೊಬ್ಬರವಾಗಿ ತುಳಿಯುವ ರೂಢಿಯಿದೆ. ಸೊಪ್ಪಿನ ಅಗತ್ಯವೇ ರೈತನ ಕೈಗೆ ಕುಡುಗೋಲು ಕೊಡುತ್ತದೆ, ಕುಡುಗೋಲು ಆಡಿದ ಕಡೆ ಬೇಲಿ ದಟ್ಟವಾಗುತ್ತದೆ. ಆಡು ಬಿಟ್ಟದ್ದನ್ನು ಗದ್ದೆ ಉಣ್ಣುವವರೆಗೆ ಈ ಬೇಲಿಗೆ ಬೇರೆ ಕಾವಲುಗಾರ ಬೇಕಿಲ್ಲ.