ಜಿಪಿಯು 28 ಗೊತ್ತು, ಲಕ್ಷ್ಮಣಯ್ಯ ಗೊತ್ತಾ?

ಹಾರೋಹಳ್ಳಿ, ಕನಕಪುರ ಕಡೆ ರಾಗಿ ಬಿತ್ತುವ ಯಾರನ್ನೇ ಕೇಳಿ, ಜಿಪಿಯು 28 ಅಂದರೆ ಗೊತ್ತು. ವಯಸ್ಸಾದವರಿಗೆ ಇಂಡಾಫ್ ರಾಗಿಯೂ ನೆನಪಿದೆ. ಬಿತ್ತನೆ ಚೀಲ ತಳಿಯ ಹೆಸರು ಹೇಳುತ್ತದೆ, ಆ ತಳಿಗಾಗಿ ಆಯಸ್ಸು ಸವೆಸಿದವರ ಹೆಸರು ಹೇಳುವುದಿಲ್ಲ.

ಇಂಡಾಫ್ ಕೊಟ್ಟವರು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯ (1921–1993). ಬಲ್ಲವರು ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆಯುತ್ತಿದ್ದರು.

ರಾಗಿಯಲ್ಲಿ ಎರಡು ತಳಿ ಕೂಡಿಸುವುದು ಹುಡುಗಾಟವಲ್ಲ. ಹೂವು ಬಲು ಚಿಕ್ಕದು. ಗಂಡು, ಹೆಣ್ಣು ಎರಡೂ ಒಂದೇ ಹೂವಿನಲ್ಲಿರುತ್ತವೆ. ಬೆಳಗಿನ ಜಾವದ ಕತ್ತಲಲ್ಲೇ ಅರಳಿ ತನ್ನ ಪರಾಗದಿಂದಲೇ ಕಾಳು ಕಟ್ಟಿಬಿಡುತ್ತದೆ. ಬೇರೆ ತಳಿಯ ಪರಾಗ ಅಷ್ಟರೊಳಗೆ ತಲುಪಬೇಕು. ಆಮೇಲೆ ಹುಟ್ಟಿದ ಪೈರಿನಲ್ಲಿ ಒಳ್ಳೆಯದನ್ನು ಆರಿಸುತ್ತಾ ವರ್ಷಗಟ್ಟಲೆ ಕಾಯಬೇಕು. ಹಾಗೆ ಅವರಿಂದ ಬಂದವು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ.

ರಾಗಿಯ ತವರು ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂತು. ಲಕ್ಷ್ಮಣಯ್ಯನವರು ಆಫ್ರಿಕಾದ ದಪ್ಪ ತೆನೆಯ ರಾಗಿಯನ್ನು ನಮ್ಮ ರಾಗಿಯ ಜೊತೆ ಕೂಡಿಸಿದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಇಂಡಾಫ್ ಆಯಿತು. 1970ರ ದಶಕದಲ್ಲಿ ಅದು ಹೊಲಕ್ಕಿಳಿಯಿತು.

ಬೆಂಕಿ ರೋಗ ತಡೆಯುವ ಜಿಪಿಯು 28 ಬಂದದ್ದು ಅವರು ತೀರಿಕೊಂಡ ಮೇಲೆ, ಬೆಂಗಳೂರಿನ ವಿಜ್ಞಾನಿಗಳಿಂದ. ಆದರೆ ಅದರ ತಾಯಿ ಇಂಡಾಫ್ 5. ತಂದೆಯ ಕಡೆ ಇಂಡಾಫ್ 9 ಇದೆ. ಅಂದರೆ ಇವತ್ತಿನ ಮುದ್ದೆಯಲ್ಲೂ ಅವರ ದುಡಿಮೆ ಇದೆ.

ಇಂಥವರನ್ನು ನೆನೆಯಲು ಫೋನಿನಲ್ಲೇ ಒಂದು ದಾರಿಯಿದೆ: ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎ.ಆರ್. ಸೆಲ್ಫಿಯಲ್ಲಿ ಮುಖಕ್ಕೆ ನಾಯಿ ಕಿವಿ ಅಂಟಿಸುವ ಫಿಲ್ಟರ್ ನೋಡಿದ್ದೀರಲ್ಲ, ಅದೂ ಇದೇ. ಕ್ಯಾಮೆರಾ ಹಿಡಿದ ಕಡೆ ಇಲ್ಲದ ಚಿತ್ರ ಮೂಡುತ್ತದೆ. ಅಮೆರಿಕದಲ್ಲಿ 2019ರಲ್ಲಿ 'ಲೆಸನ್ಸ್ ಇನ್ ಹರ್‌ಸ್ಟೋರಿ' ಎಂಬ ಆ್ಯಪ್ ಬಂತು. ಇತಿಹಾಸದ ಪಠ್ಯಪುಸ್ತಕದಲ್ಲಿರುವ ಗಂಡಸಿನ ಚಿತ್ರಕ್ಕೆ ಫೋನ್ ಹಿಡಿದರೆ, ಪುಸ್ತಕ ಬಿಟ್ಟುಬಿಟ್ಟ ಹೆಂಗಸಿನ ಕತೆ ತೆರೆಯುತ್ತಿತ್ತು.

ನಮ್ಮಲ್ಲಿ ಅದನ್ನು ಬಿತ್ತನೆ ಚೀಲಕ್ಕೆ ಹಾಕಬಹುದು. ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ಎರಡು ಖಂಡದ ತೆನೆ ಎದುರಿಗೆ ಮೂಡಲಿ, ಲಕ್ಷ್ಮಣಯ್ಯನವರ ಹೆಸರು ಕಾಣಲಿ. ಹಾರೋಹಳ್ಳಿಯಲ್ಲಿ ಹೊಲವಿದ್ದ ಎಷ್ಟೋ ಕಡೆ ಈಗ ಕಾರ್ಖಾನೆ ಕಾಂಪೌಂಡಿದೆ. ಅಲ್ಲಿ ಫೋನ್ ಹಿಡಿದ ಮಗುವಿಗೆ ಒಮ್ಮೆ ರಾಗಿ ಪೈರು ಕಾಣಲಿ.

ಚಿತ್ರ ಯಾವಾಗ ಬೇಕಾದರೂ ಬರೆಸಬಹುದು, ಮಾತು ಹಾಗಲ್ಲ. ಇಂಡಾಫನ್ನು ಮೊದಮೊದಲು ಬಿತ್ತಿದವರಿಗೆ ಈಗ ಎಪ್ಪತ್ತು ದಾಟಿದೆ. ಎಕರೆಗೆ ಎಷ್ಟು ಮೂಟೆ ಹೆಚ್ಚು ಬಂತು, ಹುಲ್ಲು ಹೇಗಿತ್ತು, ಮುದ್ದೆ ರುಚಿ ಹೇಗಿತ್ತು ಎನ್ನುವುದು ಅವರ ಬಾಯಲ್ಲೇ ಇದೆ. ಮನೆಯಲ್ಲಿ ಅಂಥ ಅಜ್ಜ, ಅಜ್ಜಿ ಇದ್ದರೆ ಈ ವಾರವೇ ಕೇಳಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.