ಕಾರಿನ ಹೊಟ್ಟೆಯಡಿಯ ಗಾಳಿ: ಶೋಲಾವರದಿಂದ ಬೆಸೆಂಟ್ ನಗರಕ್ಕೆ

ಬೆಸೆಂಟ್ ನಗರದ ನಿವಾಸಿಗಳಾದ ನಮಗೆ ಗಾಳಿಯ ಬಲವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಹಡಿಯ ಮೇಲೆ ಒಣಹಾಕಿದ ಪಂಚೆಗೆ ಎರಡು ಕ್ಲಿಪ್ಪು ಸಾಲದೆಂಬುದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಆದರೆ ಕಾರಿನ ಹೊಟ್ಟೆಯ ಕೆಳಗೆ ಹರಿಯುವ ಗಾಳಿಗೂ ಒಂದು ಚರಿತ್ರೆ ಉಂಟು. ಈಚೆಗೆ ನಮ್ಮ ಕನ್ನಡ ಮನೆಗಳ ಹುಡುಗರೇ ಹಳೆಯ ಮಾರುತಿಯ ಹಿಂಬದಿಗೆ 'ಡಿಫ್ಯೂಸರ್' ಎಂಬ ತಗಡನ್ನು ಕಟ್ಟಲು ಹೊರಟಿರುವುದರಿಂದ ಆ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದೆಂದು ನಮಗೆ ತೋರಿತು.

ಮನೆಯಲ್ಲೇ ಕಾರನ್ನು ತಿದ್ದುವ ಚಟ ಈ ಊರಿಗೆ ಹೊಸದಲ್ಲ. ನಗರದ ಉತ್ತರಕ್ಕೆ, ಕಲ್ಕತ್ತೆಯ ಹೆದ್ದಾರಿಯ ಕಡೆ, ಶೋಲಾವರದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಒಂದು ವಿಮಾನದ ಓಡುದಾರಿ ಇತ್ತು. 1953ರಲ್ಲಿ ಹುಟ್ಟಿದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ಪಂದ್ಯ ನಡೆಸಿದರು. ವಿದೇಶೀ ಕಾರು ತರಿಸಲು ಪರವಾನಗಿಯ ತೊಡಕು. ಇದ್ದದ್ದು ಫಿಯೆಟ್, ಅಂಬಾಸಡರ್, ಸ್ಟಾಂಡರ್ಡ್ ಹೆರಾಲ್ಡ್. ಹಿಂದಿನ ಸೀಟು ಕಿತ್ತು ತೂಕ ಇಳಿಸುವುದು, ಸಿಲಿಂಡರಿನ ತಲೆಯನ್ನು ಉಜ್ಜಿಸಿ ಒತ್ತಡ ಏರಿಸುವುದು, ದೊಡ್ಡ ಕಾರ್ಬುರೇಟರು ಕೂರಿಸುವುದು, ಇವೇ ಅಂದಿನ ವಿದ್ಯೆ. ಕುಟುಂಬ ಸಮೇತ ಬುತ್ತಿ ಕಟ್ಟಿಕೊಂಡು ಪಂದ್ಯ ನೋಡಲು ಹೋಗುತ್ತಿದ್ದ ಹಿರಿಯರು ನಮ್ಮ ಸಂಘದಲ್ಲೂ ಇದ್ದಾರೆ. ಬೆಂಗಳೂರಿನಿಂದಲೂ ಸ್ಪರ್ಧಿಗಳು ಬರುತ್ತಿದ್ದರು. ವಿಜಯ್ ಮಲ್ಯ ಅವರು ಅಲ್ಲಿ ಕಾರು ಓಡಿಸಿದ್ದುಂಟು (ಮುಂದಿನ ಕತೆ ಬೇರೆ, ಅದನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ). 1990ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೈನಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಪಥ ತೆರೆಯಿತು.

ಅಂದಿನ ಮೆಕ್ಯಾನಿಕರ ಗಮನವೆಲ್ಲ ಎಂಜಿನ್ನಿನ ಮೇಲೆ. ಗಾಳಿಯ ಮೇಲೆ ಕಣ್ಣಿಟ್ಟವರು ಇಂಗ್ಲೆಂಡಿನ ಲೋಟಸ್ ಕಂಪನಿಯವರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗಾಳಿಸುರಂಗದಲ್ಲಿ ಪೀಟರ್ ರೈಟ್ ಎಂಬ ಎಂಜಿನಿಯರು ಕಾರಿನ ಒಂದು ಮಾದರಿಯನ್ನು ಪರೀಕ್ಷಿಸುತ್ತಿದ್ದರು. ಅಂಕಿಗಳು ಒಂದಕ್ಕೊಂದು ಹೊಂದಲೊಲ್ಲವು. ನೋಡಿದರೆ, ಗಾಳಿಯ ವೇಗ ಏರಿದಂತೆ ಮಾದರಿಯ ಪಕ್ಕದ ಭಾಗಗಳು ಜೋತುಬೀಳುತ್ತಿದ್ದವು. ನೆಲದೊಡನೆ ಸಂದು ಕಿರಿದಾದಷ್ಟೂ ಕೆಳಗೆಳೆಯುವ ಬಲ ಹೆಚ್ಚುತ್ತಿತ್ತು. ರಟ್ಟಿನ ತುಂಡು ಅಂಟಿಸಿ ಸಂದು ಮುಚ್ಚಿದಾಗ ಬಲ ಇನ್ನೂ ಏರಿತು. ರಟ್ಟು ಮತ್ತು ಅಂಟು! ಅದರಿಂದ ಹುಟ್ಟಿದ್ದು 1977ರ ಲೋಟಸ್ 78. ಮರುವರ್ಷ ಲೋಟಸ್ 79ರ ಬಲದಿಂದ ಮಾರಿಯೋ ಆಂಡ್ರೆಟ್ಟಿ ವಿಶ್ವ ಚಾಂಪಿಯನ್ ಆದರು. ಆದರೆ ಅಂಚಿನ ಆ ಪಟ್ಟಿ ತಿರುವಿನಲ್ಲಿ ಸಿಕ್ಕಿಕೊಂಡರೆ ಹಿಡಿತ ಒಮ್ಮೆಗೇ ತಪ್ಪಿ ಕಾರು ಹಾರಿಹೋಗುವ ಅಪಾಯ. 1981ರಲ್ಲಿ ಜಾರುವ ಪಟ್ಟಿಗಳನ್ನು ನಿಷೇಧಿಸಿದರು, 1983ರಿಂದ ಚಪ್ಪಟೆ ತಳವನ್ನೇ ಕಡ್ಡಾಯ ಮಾಡಿದರು. ಉಳಿದದ್ದು ಹಿಂದಿನ ಗಾಲಿಗಳ ಆಚೆಯ ಜಾಗ. ಅಲ್ಲಿ ತಳವನ್ನು ಮೇಲಕ್ಕೆ ಓರೆಮಾಡಿದ್ದೇ ಇಂದಿನ ಡಿಫ್ಯೂಸರ್.

ಇದರ ತತ್ತ್ವ ಬರ್ನೂಲಿ 1738ರಲ್ಲಿ ಗ್ರಂಥವಾಗಿ ಪ್ರಕಟಿಸಿದ್ದು, ಬಿ.ಎಸ್‌ಸಿ. ಓದುವಾಗ ನಾವೆಲ್ಲ ಬಾಯಿಪಾಠ ಮಾಡಿದ್ದು. ಇಕ್ಕಟ್ಟಿನಲ್ಲಿ ಗಾಳಿ ವೇಗವಾಗಿ ಹರಿದಾಗ ಅದರ ಒತ್ತಡ ಇಳಿಯುತ್ತದೆ, ಕಾರು ನೆಲಕ್ಕೆ ಅಂಟುತ್ತದೆ. ಓರೆಯ ಭಾಗದಲ್ಲಿ ಗಾಳಿ ನಿಧಾನವಾಗಿ ಹರಡಿ ಹೊರಗಿನ ಒತ್ತಡಕ್ಕೆ ಮರಳಬೇಕು. ಓರೆ ಅತಿಯಾದರೆ ಗಾಳಿ ಆ ಮೇಲ್ಮೈಯನ್ನು ಬಿಟ್ಟು ಸುಳಿಯಾಗುತ್ತದೆ, ಲಾಭವೆಲ್ಲ ಹೋಗುತ್ತದೆ. ಮೇಲ್ಮೈಗೆ ಅಂಟಿಕೊಂಡ ಗಾಳಿಯ ಈ ತೆಳು ಪದರವನ್ನೇ ಜೀವಮಾನವಿಡೀ ಅಭ್ಯಸಿಸಿದವರು ನಮ್ಮ ರೊದ್ದಂ ನರಸಿಂಹ. 1933ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಶಿಷ್ಯರಾಗಿ, 1984ರಿಂದ 1993ರವರೆಗೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದು, 2020ರಲ್ಲಿ ತೀರಿಕೊಂಡರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕನ್ನಡದಲ್ಲಿ ವಿಜ್ಞಾನ ಬರೆದವರು. ವಿಜ್ಞಾನ ಕನ್ನಡಕ್ಕೆ ಒಗ್ಗದು ಎನ್ನುವವರಿಗೆ ಈ ಒಂದು ಮನೆತನ ಸಾಕು.

ಇನ್ನು ನಮ್ಮ ಕ್ವಾರ್ಟರ್ಸಿನ ಹುಡುಗನ ವಿಷಯ. ಪುದುಪೇಟೆಯಿಂದ ಅಲ್ಯೂಮಿನಿಯಂ ತಗಡು ತಂದು, ಬಗ್ಗಿಸಿ, ನಾಲ್ಕು ನಿಲುಪಟ್ಟಿ ಕೂರಿಸಿ, ಬಂಪರಿನಡಿ ಬಿಗಿದಿದ್ದ. ಕೆಲಸ ಅಚ್ಚುಕಟ್ಟು. "ಮಾಮಾ, ಈಗ ರೋಡಿಗೆ ಅಂಟಿಕೊಂಡು ಹೋಗತ್ತೆ" ಎಂದ. ಕಂಪಾಸುಪೆಟ್ಟಿಗೆಯ ಕೋನಮಾಪಕ ಹಿಡಿದರೆ ಓರೆ 25 ಡಿಗ್ರಿ. ಸಾಮಾನ್ಯವಾಗಿ ಹತ್ತರ ಆಸುಪಾಸಿನಲ್ಲಿ ಇಡುವುದು ಕ್ಷೇಮ. ಮೇಲಾಗಿ ಪಂದ್ಯದ ಕಾರಿನ ತಳ ನುಣುಪು. ನಮ್ಮ ಕಾರುಗಳ ತಳದಲ್ಲಿ ಸೈಲೆನ್ಸರು, ಕೊಳವೆ, ತೊಟ್ಟಿ ಎಲ್ಲ ನೇತಾಡುತ್ತವೆ. ಗಾಳಿ ಡಿಫ್ಯೂಸರ್ ತಲಪುವ ಮೊದಲೇ ಕೆಟ್ಟಿರುತ್ತದೆ.

ಕಾಗದದ ಮೇಲೆ ಲೆಕ್ಕ ಹಾಕಿಯೂ ತೋರಿಸಿದೆವು. ಗಂಟೆಗೆ 60 ಕಿಲೋಮೀಟರಿನಲ್ಲಿ ಗಾಳಿಯ ಚಲನೆಯ ಒತ್ತಡ ಚದರ ಮೀಟರಿಗೆ ಸುಮಾರು 167 ನ್ಯೂಟನ್. ಒಂದು ಚದರ ಮೀಟರ್ ತಳದಲ್ಲಿ ಅದರ ಐದನೆಯ ಒಂದು ಪಾಲು ಒತ್ತಡ ಇಳಿಯಿತೆಂದೇ ಇಟ್ಟುಕೊಂಡರೂ ಸಿಗುವುದು ಮೂರೂವರೆ ಕಿಲೋ ಭಾರ, ಎಂದರೆ ಮಾರ್ಕೆಟ್ಟಿನಿಂದ ತಂದ ತರಕಾರಿ ಚೀಲದಷ್ಟು. ಬಲ ವೇಗದ ವರ್ಗದಂತೆ ಏರುವುದರಿಂದ 180ರಲ್ಲಿ ಅದು ಒಂಬತ್ತು ಪಟ್ಟು, ಸುಮಾರು 30 ಕಿಲೋ. ಆ ವೇಗಕ್ಕೆ ಆ ಮಾರುತಿಯೂ ಹೋಗದು, ಅಡ್ಯಾರಿನ ಸಿಗ್ನಲ್ಲೂ ಬಿಡದು.

ಹುಡುಗ ಒಪ್ಪಲಿಲ್ಲ. ತಳಕ್ಕೆ ಉಣ್ಣೆಯ ಎಳೆಗಳನ್ನು ಅಂಟಿಸಿ, ಫೋನು ಕಟ್ಟಿ, ಚಿತ್ರ ತೆಗೆದ. ಎಳೆಗಳು ಹಿಂದಕ್ಕೆ ಒರಗದೆ ದಿಕ್ಕುಗೆಟ್ಟು ಕುಣಿದವು. ಆಗ ಒಪ್ಪಿದ. ಹೀಗೆ ನೋಡಿ ತಿಳಿಯುವ ಹುಡುಗ ಅಪ್ಪಣೆ ಕೇಳುವ ಹುಡುಗನಿಗಿಂತ ನಮಗೆ ಮೇಲು.

ನಮ್ಮ ಚಿಂತೆ ಇದ್ದದ್ದು ಬೋಲ್ಟುಗಳ ಬಗ್ಗೆ. ಮಹಾಬಲಿಪುರದ ರಸ್ತೆಯಲ್ಲಿ ಆ ತಗಡು ಕಳಚಿಬಿದ್ದರೆ ಪೆಟ್ಟು ಬೀಳುವುದು ಹಿಂದೆ ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಬರುವವರಿಗೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂಥ ಮಾರ್ಪಾಟನ್ನು ತಡೆಯುತ್ತದೆಂಬುದನ್ನೂ ಹೇಳಿದೆವು, ಗುಮಾಸ್ತರಲ್ಲವೆ! ಅವನ ತಾಯಿ ಕೇಳಿದ್ದು ಒಂದೇ ಮಾತು: "ಪೆಟ್ರೋಲೇನಾದರೂ ಉಳಿಯುತ್ತದೆಯೇ?" ಟೈರಿಗೆ ಸರಿಯಾಗಿ ಗಾಳಿ ಹಿಡಿಸಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ ಎಂದೆವು. ತಗಡು ಈಗ ಬಿಚ್ಚಿ ಮಹಡಿಯ ಮೇಲಿದೆ; ಹತ್ತು ಡಿಗ್ರಿಗೆ ಬಗ್ಗಿಸಿ ಇರುಂಗಾಟ್ಟುಕೋಟೈಗೆ ಒಯ್ಯುವುದು ಅವನ ಯೋಚನೆ.