ಉಗ್ರಾಣಗಳಲ್ಲಿ ರೇಡಿಯೋ ತರಂಗ ಆಧಾರಿತ ಕೈ ಉಪಕರಣ ಮತ್ತು ಉಗ್ರಾಣ ನಿರ್ವಹಣಾ ತಂತ್ರಾಂಶದ ಬಳಕೆ: ಸಾಮಾನ್ಯ ಮಾಹಿತಿ

1. ಪೀಠಿಕೆ

ಉಗ್ರಾಣವು ಅನ್ಯರ ಸ್ವತ್ತನ್ನು ನಂಬಿಕೆಯ ಮೇಲೆ ಕಾಪಾಡುವ ಸ್ಥಳವಾಗಿದೆ. ರೈತರು, ವರ್ತಕರು ಹಾಗೂ ಸಹಕಾರ ಸಂಘಗಳು ತಮ್ಮ ಉತ್ಪನ್ನವನ್ನು ಉಗ್ರಾಣಕ್ಕೆ ಒಪ್ಪಿಸಿ ರಸೀದಿ ಪಡೆಯುತ್ತಾರೆ. ಸದರಿ ರಸೀದಿಯ ಆಧಾರದ ಮೇಲೆ ಬ್ಯಾಂಕುಗಳು ಅಡಮಾನ ಸಾಲ ನೀಡುತ್ತವೆ. ಆದ್ದರಿಂದ ರಸೀದಿಯಲ್ಲಿ ನಮೂದಾಗಿರುವ ದಾಸ್ತಾನು ಮತ್ತು ಗೋದಾಮಿನಲ್ಲಿ ಇರುವ ದಾಸ್ತಾನು ಸದಾಕಾಲ ತಾಳೆಯಾಗುವುದು ಅತ್ಯಗತ್ಯ.

ಹಿಂದಿನ ಪದ್ಧತಿಯಲ್ಲಿ ಸರಕಿನ ಚಲನೆಯನ್ನು ಚೀಟಿಯಲ್ಲಿ ಬರೆದಿಟ್ಟು, ಸಂಜೆ ದಾಸ್ತಾನು ವಹಿಗೆ ಏರಿಸಲಾಗುತ್ತಿತ್ತು. ಸರಕು ಚಲಿಸಿದ ಸಮಯಕ್ಕೂ ವಹಿಯಲ್ಲಿ ದಾಖಲಾದ ಸಮಯಕ್ಕೂ ನಡುವೆ ಉಂಟಾಗುತ್ತಿದ್ದ ಈ ಅಂತರದಲ್ಲಿಯೇ ಚೀಟಿ ಕಳೆಯುವುದು, ಅಂಕಿ ತಪ್ಪುವುದು, ಒಬ್ಬರ ಚೀಲ ಇನ್ನೊಬ್ಬರ ಲೆಕ್ಕಕ್ಕೆ ಸೇರುವುದು ಮುಂತಾದ ದೋಷಗಳು ಸಂಭವಿಸುತ್ತವೆ. ಸರಕು ಇರುವ ಸ್ಥಳದಲ್ಲಿಯೇ ದಾಖಲೆ ಮಾಡುವ ಮೂಲಕ ಈ ಅಂತರವನ್ನು ನಿವಾರಿಸುವುದು ಕೈ ಉಪಕರಣದ ಉದ್ದೇಶವಾಗಿದೆ.

2. ಉಪಕರಣದ ಪರಿಚಯ

ಕೈ ಉಪಕರಣವು ಪರದೆ, ಕೀಲಿಗಳು ಮತ್ತು ಬಾರ್‌ಕೋಡ್ ಓದುವ ಘಟಕವನ್ನು ಒಳಗೊಂಡ ಸಣ್ಣ ಗಣಕಯಂತ್ರ. ಇದು ಗೋದಾಮಿನಲ್ಲಿ ಅಳವಡಿಸಿದ ಆಕ್ಸೆಸ್ ಪಾಯಿಂಟ್‌ಗಳ ಮೂಲಕ ಉಗ್ರಾಣ ನಿರ್ವಹಣಾ ತಂತ್ರಾಂಶದೊಂದಿಗೆ ನಿಸ್ತಂತು ಸಂಪರ್ಕದಲ್ಲಿರುತ್ತದೆ. ಬಾರ್‌ಕೋಡ್‌ನ ಪೇಟೆಂಟ್ ಅಮೆರಿಕದಲ್ಲಿ 1952ರಲ್ಲಿ ದೊರೆತಿತ್ತು. ನಿಸ್ತಂತು ಜಾಲದ 802.11 ಮಾನಕವು 1997ರಲ್ಲಿ ಪ್ರಕಟವಾಯಿತು. ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳ ಬಳಕೆಯನ್ನು 2005ರ ಅಧಿಸೂಚನೆಯ ಮೂಲಕ ಪರವಾನಗಿಯಿಂದ ಮುಕ್ತಗೊಳಿಸಲಾಯಿತು.

ಹೆಸರಿನಲ್ಲಿರುವ 'ರೇಡಿಯೋ ತರಂಗ' ಎಂಬ ಪದವು ಉಪಕರಣ ಮತ್ತು ಗಣಕಯಂತ್ರದ ನಡುವಿನ ಸಂಪರ್ಕವನ್ನು ಸೂಚಿಸುತ್ತದೆ. ಆರ್.ಎಫ್.ಐ.ಡಿ. ಎಂಬುದು ಬೇರೆ ತಂತ್ರಜ್ಞಾನ. ಅದರಲ್ಲಿ ಸರಕಿಗೆ ಅಂಟಿಸಿದ ಚೀಟಿಯನ್ನೇ ರೇಡಿಯೋ ತರಂಗದಿಂದ ಓದಲಾಗುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸತಕ್ಕದ್ದಲ್ಲ.

3. ಕಾನೂನಿನ ಹಿನ್ನೆಲೆ

ಉಗ್ರಾಣ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 2007 ಇದು 2010ರಲ್ಲಿ ಜಾರಿಗೆ ಬಂದಿತು. ಇದರನ್ವಯ ಉಗ್ರಾಣದಾರನು ಠೇವಣಿ ಇರಿಸಿದ ಸರಕನ್ನು ಎಚ್ಚರಿಕೆಯುಳ್ಳ ಮಾಲೀಕನು ತನ್ನ ಸ್ವಂತ ಸರಕನ್ನು ನೋಡಿಕೊಳ್ಳುವಂತೆ ಕಾಪಾಡತಕ್ಕದ್ದು. ಒಬ್ಬ ಠೇವಣಿದಾರನ ಸರಕನ್ನು ಇತರರ ಸರಕಿನಿಂದ ಪ್ರತ್ಯೇಕವಾಗಿ ಗುರುತಿಸುವಂತೆ ಇರಿಸತಕ್ಕದ್ದು. ಒಂದೇ ಬಗೆಯ ಹಾಗೂ ದರ್ಜೆಯ ಸರಕನ್ನು ಒಟ್ಟುಗೂಡಿಸುವ ವಿಷಯದಲ್ಲಿ ಪ್ರತ್ಯೇಕ ಉಪಬಂಧವಿದೆ. ರಸೀದಿಯಲ್ಲಿ ಸರಕಿನ ಪ್ರಮಾಣ, ಗುಣಮಟ್ಟ ಅಥವಾ ದರ್ಜೆ, ಠೇವಣಿ ಸಮಯದ ಮಾರುಕಟ್ಟೆ ಮೌಲ್ಯ, ಶುಲ್ಕದ ದರ ಮುಂತಾದ ವಿವರಗಳಿರತಕ್ಕದ್ದು. ವಿದ್ಯುನ್ಮಾನ ರೂಪದ ವರ್ಗಾವಣೀಯ ಉಗ್ರಾಣ ರಸೀದಿ ವ್ಯವಸ್ಥೆಯು 2017ರಲ್ಲಿ ಆರಂಭವಾಯಿತು.

ವಿದ್ಯುನ್ಮಾನ ದಾಖಲೆಗಳಿಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಕಾನೂನು ಮಾನ್ಯತೆ ನೀಡಿದೆ. ಅವುಗಳನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವ ವಿಧಾನವನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ತಿಳಿಸಲಾಗಿದೆ. ಹೀಗಾಗಿ ಉಪಕರಣದಲ್ಲಿ ಒತ್ತಿದ ಪ್ರತಿಯೊಂದು ಅಂಕಿಯೂ ಮುಂದೆ ವಿವಾದ ಉಂಟಾದಲ್ಲಿ ಸಾಕ್ಷ್ಯವಾಗಬಹುದು.

4. ಕಾರ್ಯವಿಧಾನ

(ಅ) ಸ್ವೀಕೃತಿ: ವೇಬ್ರಿಡ್ಜ್‌ನಲ್ಲಿ ತೂಕವಾದ ನಂತರ ಮಾದರಿ ತೆಗೆದು ತೇವಾಂಶ ಹಾಗೂ ದರ್ಜೆಯನ್ನು ಪರೀಕ್ಷಿಸಲಾಗುತ್ತದೆ. ಠೇವಣಿದಾರರ ವಿವರ, ಚೀಲಗಳ ಸಂಖ್ಯೆ, ತೂಕ ಮತ್ತು ತೇವಾಂಶವನ್ನು ನಮೂದಿಸಿದ ಕೂಡಲೇ ತಂತ್ರಾಂಶವು ಲಾಟ್ ಸಂಖ್ಯೆಯನ್ನು ನೀಡುತ್ತದೆ. ಈ ಸಂಖ್ಯೆಯ ಬಾರ್‌ಕೋಡ್ ಚೀಟಿಯನ್ನು ಮುದ್ರಿಸಲಾಗುತ್ತದೆ.

(ಆ) ಅಟ್ಟಿ ಹಾಕುವುದು: ಸರಕನ್ನು ಇಡಬೇಕಾದ ಅಟ್ಟಿಯ ಸ್ಥಳವು ಪರದೆಯ ಮೇಲೆ ಮೂಡುತ್ತದೆ. ಬಳಕೆದಾರರು ಆ ಸ್ಥಳಕ್ಕೆ ಹೋಗಿ ಅಲ್ಲಿನ ಚೀಟಿಯನ್ನು ಓದಿಸಬೇಕು. ಸ್ಥಳವು ತಪ್ಪಾಗಿದ್ದಲ್ಲಿ ತಂತ್ರಾಂಶವು ಮುಂದುವರಿಯಲು ಅವಕಾಶ ನೀಡುವುದಿಲ್ಲ. ಎಲ್ಲ ಸ್ಥಳಗಳ ಚೀಟಿಗಳನ್ನು ನಕಲು ಮಾಡಿ ಒಂದೇ ಹಾಳೆಯಲ್ಲಿ ಅಂಟಿಸಿ, ಕುರ್ಚಿಯಲ್ಲಿ ಕುಳಿತೇ ಓದಿಸುವ ಅಭ್ಯಾಸವು ಈ ತಪಾಸಣೆಯನ್ನು ಸಂಪೂರ್ಣವಾಗಿ ನಿಷ್ಫಲಗೊಳಿಸುತ್ತದೆ. ಇದಕ್ಕೆ ಯಾವುದೇ ಸಂದರ್ಭದಲ್ಲಿ ಅವಕಾಶ ನೀಡಬಾರದು.

(ಇ) ವಿತರಣೆ: ಮೊದಲು ಬಂದ ಸರಕನ್ನು ಮೊದಲು ಹೊರಗೆ ಕಳುಹಿಸಬೇಕೆ ಅಥವಾ ನಿರ್ದಿಷ್ಟ ಠೇವಣಿದಾರರ ಲಾಟ್ ಅನ್ನೇ ಕಳುಹಿಸಬೇಕೆ ಎಂಬುದನ್ನು ತಂತ್ರಾಂಶವು ಆದೇಶದಂತೆ ನಿರ್ಧರಿಸುತ್ತದೆ. ಲಾರಿಗೆ ತುಂಬುವ ಮೊದಲು ಲಾಟ್ ಚೀಟಿ ಓದಿಸುವುದು ಕಡ್ಡಾಯವಾಗಿರಬೇಕು. ಅಡಮಾನವಿರುವ ದಾಸ್ತಾನನ್ನು ತಂತ್ರಾಂಶದಲ್ಲಿ ತಡೆಹಿಡಿದಲ್ಲಿ ಅದು ಕಣ್ತಪ್ಪಿನಿಂದ ಹೊರಹೋಗುವ ಸಂಭವ ಕಡಿಮೆಯಾಗುತ್ತದೆ.

(ಈ) ಭೌತಿಕ ಪರಿಶೀಲನೆ: ಎಣಿಕೆ ಮಾಡುವವರಿಗೆ ಪುಸ್ತಕದ ದಾಸ್ತಾನನ್ನು ಪರದೆಯ ಮೇಲೆ ತೋರಿಸಬಾರದು. ತೋರಿಸಿದಲ್ಲಿ ಎಣಿಸದೆಯೇ ಅದೇ ಅಂಕಿಯನ್ನು ನಮೂದಿಸುವ ಸಾಧ್ಯತೆ ಇರುತ್ತದೆ. ವ್ಯತ್ಯಾಸ ಕಂಡುಬಂದಲ್ಲಿ ಬೇರೊಬ್ಬರಿಂದ ಮರು ಎಣಿಕೆ ಮಾಡಿಸಿದ ನಂತರವೇ ಹೊಂದಾಣಿಕೆ ನಮೂದನ್ನು ಮೇಲಧಿಕಾರಿ ಅನುಮೋದಿಸಬೇಕು.

ಉಪಕರಣವು ಅಟ್ಟಿಯ ಮೇಲಿನ ಚೀಟಿಯನ್ನು ಮಾತ್ರ ಓದುತ್ತದೆ. ಅಟ್ಟಿಯ ಒಳಗೆ ಚೀಲ ಕಡಿಮೆಯಾಗಿದೆಯೇ, ಧಾನ್ಯಕ್ಕೆ ಹುಳು ಹಿಡಿದಿದೆಯೇ ಎಂಬುದನ್ನು ಸಿಬ್ಬಂದಿಯೇ ಕಣ್ಣಾರೆ ನೋಡಬೇಕು.

5. ತೇವಾಂಶ ಮತ್ತು ತೂಕ

ಠೇವಣಿದಾರರಿಗೂ ಉಗ್ರಾಣಕ್ಕೂ ಹೆಚ್ಚಾಗಿ ಭಿನ್ನಾಭಿಪ್ರಾಯ ಉಂಟಾಗುವುದು ಹಿಂಪಡೆಯುವಾಗಿನ ತೂಕದ ವಿಷಯದಲ್ಲಿ. ಉದಾಹರಣೆಗೆ, 50 ಕಿಲೋಗ್ರಾಂ ತೂಕದ 200 ಚೀಲ, ಅಂದರೆ 100 ಕ್ವಿಂಟಾಲ್ ಮೆಕ್ಕೆಜೋಳವು ಶೇ. 14 ತೇವಾಂಶದೊಂದಿಗೆ ಒಳಬಂದಿದೆ ಎಂದಿಟ್ಟುಕೊಳ್ಳೋಣ. ಇದರಲ್ಲಿ ಒಣ ಪದಾರ್ಥ 86 ಕ್ವಿಂಟಾಲ್. ಹೊರಹೋಗುವಾಗ ತೇವಾಂಶ ಶೇ. 12ಕ್ಕೆ ಇಳಿದಿದ್ದಲ್ಲಿ, ಅದೇ 86 ಕ್ವಿಂಟಾಲ್ ಒಟ್ಟು ತೂಕದ ಶೇ. 88 ಭಾಗವಾಗುತ್ತದೆ. ಆಗ ಒಟ್ಟು ತೂಕ ಸುಮಾರು 97.73 ಕ್ವಿಂಟಾಲ್ ಆಗಿರುತ್ತದೆ. ಅಂದರೆ ಸುಮಾರು 227 ಕಿಲೋಗ್ರಾಂ ಇಳಿಕೆಯು ಒಣಗುವಿಕೆಯಿಂದಲೇ ಉಂಟಾಗಿರುತ್ತದೆ. ಇದಕ್ಕಿಂತ ಹೆಚ್ಚಿನ ಇಳಿಕೆಗೆ ಉಗ್ರಾಣವು ಬೇರೆ ವಿವರಣೆ ನೀಡಬೇಕಾಗುತ್ತದೆ.

ಒಳಬಂದಾಗಿನ ತೇವಾಂಶವನ್ನು ದಾಖಲಿಸದಿದ್ದಲ್ಲಿ ಈ ಲೆಕ್ಕವನ್ನು ಮಾಡಲು ಸಾಧ್ಯವಿಲ್ಲ. ಆಗ ಪ್ರಾಮಾಣಿಕ ಸಿಬ್ಬಂದಿಯು ಆರೋಪಕ್ಕೆ ಗುರಿಯಾಗಬಹುದು ಅಥವಾ ರೈತರು ನ್ಯಾಯವಾಗಿ ಬರಬೇಕಾದದ್ದನ್ನು ಕಳೆದುಕೊಳ್ಳಬಹುದು. ಆದ್ದರಿಂದ ತೇವಾಂಶದ ಅಂಕಣವನ್ನು ಖಾಲಿ ಬಿಟ್ಟು ಮುಂದುವರಿಯಲು ಸಾಧ್ಯವಾಗದಂತೆ ತಂತ್ರಾಂಶವನ್ನು ರೂಪಿಸುವುದು ಸೂಕ್ತ.

6. ಸಂಪರ್ಕ ಕಡಿತವಾದಲ್ಲಿ

ಲೋಹದ ಛಾವಣಿಯು ತರಂಗಗಳನ್ನು ಪ್ರತಿಫಲಿಸುತ್ತದೆ. ತೇವಾಂಶವುಳ್ಳ ಧಾನ್ಯದ ಅಟ್ಟಿಯು ಅವುಗಳನ್ನು ಹೀರಿಕೊಳ್ಳುತ್ತದೆ. ಖಾಲಿ ಗೋದಾಮಿನಲ್ಲಿ ಉತ್ತಮವಾಗಿ ಕಂಡ ಸಂಪರ್ಕವು ಸುಗ್ಗಿಯಲ್ಲಿ ಗೋದಾಮು ತುಂಬಿದಾಗ ಕ್ಷೀಣಿಸಬಹುದು. ಆದ್ದರಿಂದ ಆಕ್ಸೆಸ್ ಪಾಯಿಂಟ್‌ಗಳ ಸ್ಥಾನವನ್ನು ಗೋದಾಮು ತುಂಬಿರುವ ಸಮಯದಲ್ಲಿಯೂ ಪರೀಕ್ಷಿಸಬೇಕು.

ನಮೂದು ಕಳುಹಿಸಿದ ನಂತರ ಉತ್ತರ ಬಾರದಿದ್ದಲ್ಲಿ ಪುನಃ ಒತ್ತುವ ಮೊದಲು ಹಿಂದಿನ ವ್ಯವಹಾರ ದಾಖಲಾಗಿದೆಯೇ ಎಂದು ನೋಡುವುದು. ಇಲ್ಲವಾದಲ್ಲಿ ಒಂದೇ ಸರಕು ಎರಡು ಬಾರಿ ಜಮೆಯಾಗಬಹುದು. ಪ್ರತಿ ವ್ಯವಹಾರಕ್ಕೆ ವಿಶಿಷ್ಟ ಸಂಖ್ಯೆ ನೀಡಿ, ಅದೇ ಸಂಖ್ಯೆ ಮತ್ತೆ ಬಂದಾಗ ತಿರಸ್ಕರಿಸುವ ವ್ಯವಸ್ಥೆ ತಂತ್ರಾಂಶದಲ್ಲಿರಬೇಕು. ದೀರ್ಘಕಾಲ ಸಂಪರ್ಕವಿಲ್ಲದಿದ್ದಲ್ಲಿ ಕ್ರಮಸಂಖ್ಯೆ ಮುದ್ರಿಸಿದ ಚೀಟಿಗಳನ್ನು ಬಳಸಿ, ಸಂಪರ್ಕ ಮರಳಿದ ನಂತರ ಕ್ರಮಸಂಖ್ಯೆಯಂತೆ ದಾಖಲಿಸುವುದು.

7. ಧೂಮೀಕರಣದ ಸಮಯದಲ್ಲಿ ಎಚ್ಚರಿಕೆ

ಅಲ್ಯೂಮಿನಿಯಂ ಫಾಸ್ಫೈಡ್‌ನಿಂದ ಹೊರಬರುವ ಫಾಸ್ಫೀನ್ ಅನಿಲವು ಮಾರಕ ವಿಷವಾಗಿದೆ. ಅದು ತಾಮ್ರ, ಹಿತ್ತಾಳೆ, ಬೆಳ್ಳಿ ಮುಂತಾದ ಲೋಹಗಳನ್ನು ಸವೆಸುವುದರಿಂದ ವಿದ್ಯುನ್ಮಾನ ಉಪಕರಣಗಳೂ ಕೆಡುತ್ತವೆ. ಗೋದಾಮನ್ನು ಮುಚ್ಚುವ ಮೊದಲು ಕೈ ಉಪಕರಣಗಳನ್ನು ಹಾಗೂ ಸಾಧ್ಯವಿದ್ದಲ್ಲಿ ಆಕ್ಸೆಸ್ ಪಾಯಿಂಟ್‌ಗಳನ್ನು ಹೊರತೆಗೆಯತಕ್ಕದ್ದು. ಧೂಮೀಕರಣದಲ್ಲಿರುವ ಅಟ್ಟಿಗಳನ್ನು ತಂತ್ರಾಂಶದಲ್ಲಿ 'ಪ್ರವೇಶ ನಿಷೇಧ' ಎಂದು ಗುರುತಿಸಿದಲ್ಲಿ, ಆ ಅವಧಿಯಲ್ಲಿ ಯಾವುದೇ ಕೆಲಸಗಾರರಿಗೆ ಅಲ್ಲಿಗೆ ಹೋಗುವ ಸೂಚನೆ ಬರುವುದಿಲ್ಲ. ಅನಿಲ ಪರೀಕ್ಷೆಯ ನಂತರ ಅಧಿಕೃತ ವ್ಯಕ್ತಿಯು ಮಾತ್ರ ಈ ಗುರುತನ್ನು ತೆಗೆಯಬೇಕು. ಮರೆತುಹೋದ ಉಪಕರಣವನ್ನು ತರಲು ಯಾರೂ ಒಳಗೆ ಪ್ರವೇಶಿಸಕೂಡದು.

8. ಸಿಬ್ಬಂದಿಯ ಗಮನಕ್ಕೆ

• ಪ್ರತಿಯೊಬ್ಬರೂ ತಮ್ಮದೇ ಗುರುತಿನ ಸಂಖ್ಯೆ ಹಾಗೂ ಗುಪ್ತಪದ ಬಳಸುವುದು. ಇತರರಿಗೆ ನೀಡಿದ ಗುಪ್ತಪದದಿಂದ ಆದ ನಮೂದಿಗೂ ತಾವೇ ಉತ್ತರಿಸಬೇಕಾಗುತ್ತದೆ.
• ಪಾಳಿಯ ಕೊನೆಯಲ್ಲಿ ಉಪಕರಣವನ್ನು ಸಹಿ ಪಡೆದು ಹಿಂದಿರುಗಿಸುವುದು. ಬ್ಯಾಟರಿಯನ್ನು ಚಾರ್ಜ್‌ಗೆ ಇಡುವುದು.
• ಲೇಸರ್ ಕಿರಣವನ್ನು ಯಾರ ಕಣ್ಣಿನತ್ತಲೂ ಹಾಯಿಸಬಾರದು.
• ಹಮಾಲರಿಗೆ ಚೀಟಿಯ ಬಣ್ಣ ಮತ್ತು ಗುರುತುಗಳನ್ನು ಕನ್ನಡದಲ್ಲಿ ವಿವರಿಸುವುದು.

9. ಠೇವಣಿದಾರರ ಗಮನಕ್ಕೆ

ಸರಕನ್ನು ಒಪ್ಪಿಸುವಾಗ ತೂಕ, ಚೀಲಗಳ ಸಂಖ್ಯೆ, ತೇವಾಂಶ, ದರ್ಜೆ ಮತ್ತು ಲಾಟ್ ಸಂಖ್ಯೆ ತಮ್ಮ ಎದುರಿನಲ್ಲಿಯೇ ನಮೂದಾಗುವುದನ್ನು ಗಮನಿಸಬೇಕು. ಪರದೆಯ ವಿವರ ಮತ್ತು ರಸೀದಿಯ ವಿವರಗಳನ್ನು ತಾಳೆ ನೋಡಿ, ವ್ಯತ್ಯಾಸವಿದ್ದಲ್ಲಿ ಸ್ಥಳದಿಂದ ಹೊರಡುವ ಮುನ್ನವೇ ಉಗ್ರಾಣ ವ್ಯವಸ್ಥಾಪಕರ ಗಮನಕ್ಕೆ ಲಿಖಿತವಾಗಿ ತರಬೇಕು. ಸರಕನ್ನು ಹಿಂಪಡೆಯುವವರೆಗೆ ರಸೀದಿಯ ವಿವರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.